ಒಂದೇ ಒಂದು ನಿಮಿಷ

ನಿನ್ನೆ ಆಫೀಸಿನಲ್ಲಿ ಸೆಲ್ಫ್ ಅಪ್ರೈಸಲ್ ಫಾರಂ ಬಂತು. ನಮಗೆ ನಾವೇ ಮಾರ್ಕ್ಸ್ ಕೊಟ್ಟುಕೊಳ್ಳಬೇಕಂತೆ. ಆತ್ಮವಿಶ್ವಾಸ, ಐದಕ್ಕೆ ಎಷ್ಟು? 1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕ್ ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವಳು ನಾನು, ಕೊಡುವ ಕೈ ಸ್ವಲ್ಪ ಬಿಗಿ. ಮೂರೂವರೆ ಬರೆದೆ. ಫಾರಂ ಅರ್ಧವನ್ನು ಒಪ್ಪಲಿಲ್ಲ. ಮೂರು ಮಾಡಿದೆ. ಪಕ್ಕದ ಸೀಟಿನವನು ಸಮಯಪಾಲನೆಗೆ ಐದಕ್ಕೆ ಐದು ಹಾಕಿಕೊಂಡ. ನಿನ್ನೆ ಅವನು ಬಂದದ್ದೇ ಹತ್ತೂಮುಕ್ಕಾಲಿಗೆ!

ಕೊನೆಯ ಪ್ರಶ್ನೆ, ಕೆಲಸ ಮತ್ತು ಮನೆ ಸರಿದೂಗಿಸುತ್ತೀರಾ? ಗಂಟೆ 5.25. ಮಂಗಳೂರಿನಿಂದ ಉಡುಪಿಗೆ ಹೋಗಬೇಕಾದವಳು ನಾನು. ಬ್ಯಾಗಿಗೆ ಕೈ ಹಾಕಿದೆ, ಸರ್ ಬಂದರು.

"ಮೇಡಂ, ಒಂದೇ ಒಂದು ನಿಮಿಷ."

ನಮ್ಮ ಸರ್‌ರ ನಿಮಿಷದಲ್ಲಿ ಮೂರು ಜಾತಿ ಉಂಟು. ನಿಂತುಕೊಂಡೇ ಮೇಜಿನ ಮೇಲೆ ಕೈ ಊರಿದರೆ ಇಪ್ಪತ್ತು ನಿಮಿಷ. ಕುರ್ಚಿ ಎಳೆದರೆ ಮುಕ್ಕಾಲು ಗಂಟೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಲು ಶುರು ಮಾಡಿದರೋ, ಮನೆಗೆ ಫೋನ್ ಮಾಡಿ "ನೀವು ಊಟ ಮಾಡಿ" ಅನ್ನುವುದೇ ಒಳ್ಳೆಯದು. ಅವರ ಮನೆ ಕದ್ರಿಯಲ್ಲಿ, ನಡೆದೇ ಹೋಗಬಹುದು ಮಾರಾಯ್ರೆ.

ನಿನ್ನೆ ಕನ್ನಡಕ ತೆಗೆದರು.

ವಿಷಯ ಎಂತ ಅಂದರೆ, ಇನ್ನು ಮೇಲೆ ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬೇಕು. ಅದರ ಬಗ್ಗೆ ಒಂದು ಪಿಪಿಟಿ ಬೇಕು. ನಾಳೆ ಬೆಳಿಗ್ಗೆಗೆ. "ಆಯ್ತು ಸರ್" ಅಂದೆ. ಆತ್ಮವಿಶ್ವಾಸಕ್ಕೆ ಕೊಟ್ಟ ಮೂರೂ ಜಾಸ್ತಿಯಾಯ್ತು ಅನ್ನಿಸಿತು.

ಏಳರ ಎಕ್ಸ್‌ಪ್ರೆಸ್ ಸಿಕ್ಕಿತು, ಸೀಟು ಸಿಗಲಿಲ್ಲ. ಕೂಳೂರಿನಲ್ಲಿ ಇನ್ನೂ ಹತ್ತು ಜನ ಹತ್ತಿದರು. ಫುಟ್‌ಬೋರ್ಡಿನಲ್ಲಿ ಒಂದು ಕಾಲಿಟ್ಟು ನೇತಾಡುತ್ತಿದ್ದ ಕಂಡಕ್ಟರ್, "ಹಿಂದೆ ಹೋಗಿ, ಹಿಂದೆ ಖಾಲಿ ಉಂಟು!" ಅಂದ. ಹಿಂದೆ ನಾನೇ ಇದ್ದೆ. ಉಸಿರಾಡಲೂ ಜಾಗ ಇರಲಿಲ್ಲ. "ರೈಟ್, ಪೋಯಿ!" ಆತ್ಮವಿಶ್ವಾಸ ಅಂದರೆ ಅದು. ಅವನಿಗೆ ಯಾರೂ ಫಾರಂ ಕೊಟ್ಟಿರಲಿಕ್ಕಿಲ್ಲ.

ಪಡುಬಿದ್ರಿಯಲ್ಲಿ ಸೀಟು ಸಿಕ್ಕಿದಾಗ ಅಪ್ಪನ ನೆನಪಾಯ್ತು. ಆ ಐದರಲ್ಲೇ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ಆರಕ್ಕೆ ಜಗಲಿಯಲ್ಲಿ ಬುತ್ತಿ ಇಟ್ಟು ಕಾಲು ತೊಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಚಾ, ಯಕ್ಷಗಾನದ ಆಟ ಇದ್ದ ದಿನ ಆಟಕ್ಕೆ. ತಡವಾಗುತ್ತಿದ್ದದ್ದು ಮಾರ್ಚ್ 31ಕ್ಕೆ ಮಾತ್ರ. ಅವತ್ತು ಅಮ್ಮ ಜಗಲಿಯ ಲೈಟ್ ಆರಿಸುತ್ತಿರಲಿಲ್ಲ. ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಗಿ ಆ ಬ್ಯಾಂಕಿನ ಹೆಸರು 2020ರ ಏಪ್ರಿಲ್ 1ಕ್ಕೆ ಹೋಯ್ತು. ಅಮ್ಮನ ಪೆಟ್ಟಿಗೆಯಲ್ಲಿ ಹಳೆಯ ಪಾಸ್‌ಬುಕ್ ಇನ್ನೂ ಉಂಟು.

ರಾತ್ರಿ 10.40. ಪಿಪಿಟಿಯ ಮೊದಲ ಸ್ಲೈಡಿನಲ್ಲಿ "ಹೊತ್ತಿಗೆ ಸರಿಯಾಗಿ ಮನೆಗೆ ಹೋಗೋಣ" ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಮೊಬೈಲ್ ಟಿಂಗ್ ಅಂದಿತು.

"ಮಲಗಿಲ್ಲ ಅಲ್ವಾ ಮೇಡಂ? ಒಂದೇ ಒಂದು ನಿಮಿಷ."

ಕನ್ನಡಕ ತೆಗೆದಿದ್ದಾರೋ ಇಲ್ಲವೋ, ವಾಟ್ಸಾಪಿನಲ್ಲಿ ಗೊತ್ತಾಗುವುದಿಲ್ಲ.