ನಡೆದಾಡಲು ಕಾರಿನಲ್ಲಿ ಬನ್ನಿ

ಹಳೇ ಮಿಲ್ ಜಾಗದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟ್ ನೋಡಲು ಕಳೆದ ಭಾನುವಾರ ಹೋಗಿದ್ದೆ. ‘ನಡೆದಾಡುವವರ ಬಡಾವಣೆ’, ತೀರಾ ಎತ್ತರವೂ ಅಲ್ಲದ, ತೀರಾ ಗಿಜಿಗುಡದ ‘ಮಧ್ಯಮ ಸಾಂದ್ರತೆ’ ಎಂದು ಜಾಹೀರಾತು. ಮೆಟ್ರೋದಿಂದ ಆರುನೂರು ಮೀಟರು ತಾನೇ ಅಂತ ನಡೆದೇ ಹೊರಟೆ. ಫುಟ್‌ಪಾತಿನ ಮೇಲೆ ಒಂದು ಟ್ರಾನ್ಸ್‌ಫಾರ್ಮರ್, ಒಂದು ಬಾಯ್ತೆರೆದ ಮೋರಿ, ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂದು ‘ನೋಡ್ಕೊಂಡ್ ನಡೀರಿ’ ಎಂದು ಗದರಿದ ಸ್ಕೂಟರಿನವನು.

ಗೇಟಿನಲ್ಲಿ ಸೆಕ್ಯೂರಿಟಿ ಕೇಳಿದ, ‘ಗಾಡಿ ನಂಬರ್?’ ಗಾಡಿಯಿಲ್ಲ ಅಂದೆ. ರಿಜಿಸ್ಟರಿನಲ್ಲಿ ಅಂಥವರಿಗೆ ಕಾಲಮ್ಮೇ ಇಲ್ಲ. ನನ್ನ ಚಪ್ಪಲಿ ನೋಡಿ ‘ಡೆಲಿವರಿ’ ಎಂದು ಬರೆದುಕೊಂಡ.

ಸೇಲ್ಸ್ ಹುಡುಗ ಓಡಿ ಬಂದ. ‘ವಾಕಬಿಲಿಟಿ ತೋರಿಸ್ತೀನಿ, ಕೂತ್ಕೊಳಿ ಸಾರ್.’ ಬ್ಯಾಟರಿ ಗಾಡಿ ಹತ್ತಿದೆ. ಮಧ್ಯಮ ಸಾಂದ್ರತೆ ಅಂದ್ರೆ ಎಷ್ಟು ಮಹಡಿಯಪ್ಪಾ? ‘ಇಪ್ಪತ್ನಾಲ್ಕು ಸಾರ್. ಪಕ್ಕದ್ದು ಮೂವತ್ತೆರಡು.’ ಮನೆಗೆ ಎರಡು ಕಾರ್ ಪಾರ್ಕಿಂಗ್. ವಾಕಿಂಗ್ ಟ್ರ್ಯಾಕ್ ಎಲ್ಲಿಗೆ ಹೋಗುತ್ತೆ? ‘ಎಲ್ಲಿಗೂ ಹೋಗಲ್ಲ ಸಾರ್, ಸುತ್ತುತ್ತೆ.’

ಕಾಂಪೌಂಡಿನಾಚೆ ಸೊಪ್ಪಿನ ಗಾಡಿ ಕಾಣುತ್ತಿತ್ತು. ಕೈ ಚಾಚಿದರೆ ಕೊತ್ತಂಬರಿ. ಗೇಟಿನಿಂದ ಹೋದರೆ ಯು-ಟರ್ನ್ ಸೇರಿ ಒಂದೂವರೆ ಕಿಲೋಮೀಟರು. ‘ಆ್ಯಪಲ್ಲಿ ತರಿಸ್ಕೊಳ್ಳಿ ಸಾರ್, ಹತ್ತೇ ನಿಮಿಷ.’

1898ರ ಪ್ಲೇಗು ಬೆಂಗಳೂರನ್ನು ಹೆದರಿಸಿದ ಮೇಲೆ ಮಲ್ಲೇಶ್ವರ, ಬಸವನಗುಡಿಗೆ ಅಡ್ಡರಸ್ತೆ, ಹಿತ್ತಿಲ ಗಲ್ಲಿ ಎಳೆದವರಿಗೆ ಪಾಪ, ವಾಕಬಿಲಿಟಿ ಕನ್ಸಲ್ಟೆಂಟ್ ಸಿಕ್ಕಿರಲಿಲ್ಲ. ನಮ್ಮಜ್ಜ ಬಿನ್ನಿ ಮಿಲ್ಲಿನ ಸೈರನ್ನಿಗೆ ವಠಾರದಿಂದ ಟಿಫನ್ ಡಬ್ಬಿ ಹಿಡಿದು ನಡೆದೇ ಹೋಗುತ್ತಿದ್ದರು. ಹನ್ನೆರಡು ಮನೆ, ಒಂದು ನಲ್ಲಿ, ಎರಡು ಕಕ್ಕಸು. (ಬೆಳಗಿನ ಆ ಕ್ಯೂ ನೆನೆದರೆ ವಠಾರದ ಹಂಬಲ ತಾನಾಗಿ ಇಳಿಯುತ್ತದೆ.) ಆದರೂ ಹಿಟ್ಟಿನ ಗಿರಣಿ, ಶಾಲೆ, ಕಾಫಿ ಪುಡಿ ಅಂಗಡಿ ಎಲ್ಲ ನಾಲ್ಕು ಹೆಜ್ಜೆ. ಈಗ ರಾಜಾ ಮಿಲ್ ಜಾಗದಲ್ಲಿ ಮಾಲ್, ಕಿರ್ಲೋಸ್ಕರ್ ಕಾರ್ಖಾನೆ ಇದ್ದಲ್ಲೂ ಮಾಲ್, ಬಿನ್ನಿಯ ಜಾಗದಲ್ಲಿ ಟವರು. ಮೂರು ಮಹಡಿ ಮನೆ, ಕೆಳಗೊಂದು ಅಂಗಡಿ, ನಡುವೆ ಎಲ್ಲಿಗಾದರೂ ಹೋಗುವ ಬೀದಿ ಎಂಬ ನಕ್ಷೆ ಮಾತ್ರ ಯಾರ ಟೇಬಲ್ಲಿಗೂ ಬರಲಿಲ್ಲ. ಬೀದಿಯನ್ನು ಚದರಡಿ ಲೆಕ್ಕದಲ್ಲಿ ಮಾರಲು ಆಗುವುದಿಲ್ಲವಲ್ಲ!

ಇಲ್ಲಿ ಪರಂಪರೆಗೆ ಕೊರತೆಯಿಲ್ಲ. ಮಗ್ಗ, ಕದಿರುಗಳ ನೆನಪಿಗೆ ಟವರುಗಳ ಹೆಸರು ‘ಲೂಮ್’, ‘ಸ್ಪಿಂಡಲ್’. ಮಿಲ್ಲಿನ ಚಿಮಣಿ ಕೆಡವಿ, ಲೋಗೋದಲ್ಲಿ ಕೂರಿಸಿದ್ದಾರೆ.

ಹೊರಡುವಾಗ ಹುಡುಗ ಕಳವಳದಿಂದ ಕೇಳಿದ, ‘ಕ್ಯಾಬ್ ಬುಕ್ ಮಾಡ್ಲಾ ಸಾರ್? ಹೊರಗಡೆ ನಡೆಯೋದು ಸೇಫ್ ಅಲ್ಲ.’ ಬೇಡವೆಂದು ಗೇಟಿಗೆ ಬಂದೆ. ಸೆಕ್ಯೂರಿಟಿ ರಿಜಿಸ್ಟರ್ ತೆರೆದ.

‘ಪಾರ್ಸೆಲ್ ಕೊಟ್ರಾ?’