‘ಎಲ್ಲಾ ಎಚ್‌ಒ ತಾನೆ ಸರ್, ಓಡುತ್ತೆ’ ಅನ್ನುವವರಿಗೆ

"ಎಲ್ಲಾ ಎಚ್‌ಒ ತಾನೆ ಸರ್, ಸೂಟ್ ಆಗುತ್ತೆ, ಓಡುತ್ತೆ."

ಎಚ್‌ಒ ಅನ್ನುವುದು ಮಾಡಲ್ ರೈಲಿನ ಒಂದು ಅಳತೆ. ಈ ಮಾತನ್ನು ಮಾಡಲ್ ರೈಲು ಮಾರುವ ಇನ್ನೊಬ್ಬ ಅಂಗಡಿಯವನು ನನಗೆ ಹೇಳಿದರೆ ನಾನು ಸುಮ್ಮನಿರುವುದಿಲ್ಲ. ಯಾವುದಕ್ಕೆ ಸೂಟ್ ಆಗುತ್ತೆ ಮಾರಾಯ? ನನ್ನ ಹಳಿಗಾ, ನನ್ನ ಕಂಟ್ರೋಲರಿಗಾ, ನನ್ನ ಬೋಗಿಗಾ, ಇಲ್ಲ ನಿನ್ನ ಗಲ್ಲಾಪೆಟ್ಟಿಗೆಗಾ?

ವಿಷಯ ಇಷ್ಟು. ಸಾಗರದ ಹತ್ತಿರ ಇರುವ ನಮ್ಮ ಹಳೇ ಮನೆಯ ಅಟ್ಟದಲ್ಲಿ ನಾನೊಂದು ಪುಟ್ಟ ರೈಲು ದಾರಿ ಮಾಡಿಕೊಂಡಿದ್ದೇನೆ. ನೆಂಟರು ಬಂದಾಗ ಮನೆಯವರಿಗೆ ಅದು ಹೆಮ್ಮೆ, ಕೊರಿಯರ್ ಬಂದಾಗ ಬೈಗುಳ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ ನೋಡಿದವರಿಗೆ ಗೊತ್ತಿರುತ್ತೆ, 57 ಸುರಂಗ, 50 ಅಡಿಗೆ ಒಂದು ಅಡಿ ಏರುವ ದಾರಿ. ಆ ಹುಚ್ಚಿಗೇ ನಾನೂ ಅಟ್ಟದಲ್ಲಿ ಒಂದು ಘಾಟಿ ಕಟ್ಟಿದ್ದು. ಜಾಗ ಸಾಲದೆ ನನ್ನದು ಇನ್ನೂ ಸ್ವಲ್ಪ ಕಡಿದಾಗಿದೆ. ನನ್ನ ಹತ್ತಿರ ಇರುವ ಇಂಜಿನ್ ನಾಲ್ಕು ಬೋಗಿ ಹಿಡಿದು ಆರಾಮಾಗಿ ಹತ್ತುತ್ತೆ. ಆರು ಹಾಕಿದರೆ ತಿರುವಿನಲ್ಲಿ ಚಕ್ರ ಗಿರಗಿರ ತಿರುಗುತ್ತೆ, ಗಾಡಿ ಮಾತ್ರ ನಿಂತಲ್ಲೇ. ನಿಜವಾದ ಘಾಟಿಯಲ್ಲಿ ಏನು ಮಾಡುತ್ತಾರೆ? ಇನ್ನೊಂದು ಇಂಜಿನ್ ಹಾಕುತ್ತಾರೆ. ನಾನೂ ಅದನ್ನೇ ಮಾಡೋಣ ಅಂತ ಹೊರಟೆ. ಅಷ್ಟೇ ನನ್ನ ಅಪರಾಧ.

ಶಿವಮೊಗ್ಗದಲ್ಲಿ ಇಂಥದ್ದು ಸಿಗಲ್ಲ. ಗಾಂಧಿ ಬಜಾರ್ ಪೂರ್ತಿ ಸುತ್ತಿದರೂ ಸಿಗುವುದು ಬ್ಯಾಟರಿ ಹಾಕಿದರೆ ಕೂಗುವ ಪ್ಲಾಸ್ಟಿಕ್ ರೈಲು. ಹಾಗಾಗಿ ದೊಡ್ಡ ಊರಿನ ಒಬ್ಬ ಮಾರಾಟಗಾರನಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. ಸುಮ್ನೆ ಚಿತ್ರ ನೋಡಿ ಆರ್ಡರ್ ಹಾಕಲಿಲ್ಲ ನಾನು. ಒಂದೊಂದಾಗಿ ಕೇಳಿದೆ, ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲೂ ಬರೆದು ಕಳಿಸಿದೆ. ನನ್ನ ತಿರುವು 438 ಮಿಲಿಮೀಟರ್ ರೇಡಿಯಸ್, ಇದರಲ್ಲಿ ತಿರುಗುತ್ತಾ? ಕಪ್ಲರ್, ಅಂದರೆ ಬೋಗಿ ಜೋಡಿಸುವ ಕೊಂಡಿ, ಯಾವ ತರದ್ದು? ಡಿಕೋಡರ್, ಅಂದರೆ ಡಿಜಿಟಲ್ ಕಂಟ್ರೋಲರಿನ ಮಾತು ಅರ್ಥ ಮಾಡಿಕೊಳ್ಳುವ ಚಿಪ್, ಒಳಗಿದೆಯಾ? ಎಷ್ಟು ಚಕ್ರದಿಂದ ಕರೆಂಟ್ ತಗೊಳ್ಳುತ್ತೆ? ಇಷ್ಟಕ್ಕೂ ಸೇರಿ ಬಂದ ಉತ್ತರ ಒಂದೇ ಸಾಲು. ಮೇಲೆ ಬರೆದಿದ್ದೇನಲ್ಲ, ಅದೇ. ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಬೇರೆ.

ಎಚ್‌ಒ ಅಂದರೆ ಏನು ಅಂತ ಈ ಪುಣ್ಯಾತ್ಮರಿಗೆ ಯಾರಾದರೂ ಹೇಳಿಕೊಡಿ. ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು ಅಂತ ಅರ್ಥ, ಹಳಿಯ ಅಗಲ 16.5 ಮಿಲಿಮೀಟರ್. ಅಷ್ಟೇ. ಅದರಾಚೆ ಆ ಎರಡು ಅಕ್ಷರ ಏನೂ ಹೇಳಲ್ಲ. ಇಂಗ್ಲೆಂಡಿನವರ ಓಒ ಇದೆಯಲ್ಲ, ಅದು 76ರಲ್ಲಿ ಒಂದು ಪಾಲು, ಆದರೆ ಓಡುವುದು ಇದೇ 16.5 ಹಳಿ ಮೇಲೆ. ಹಳಿ ಮೇಲೆ ಸರಿಯಾಗಿ ಕೂರುತ್ತೆ, ಪಕ್ಕದಲ್ಲಿ ಎಚ್‌ಒ ಇಂಜಿನ್ ನಿಲ್ಲಿಸಿದರೆ ಮಾತ್ರ ಅಣ್ಣ ತಮ್ಮ ನಿಂತ ಹಾಗೆ ಕಾಣುತ್ತೆ. ಇನ್ನು ನಮ್ಮ ದೇಶದ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಚಿಲ್ಲರೆ ಬರಬೇಕು, 16.5 ಅಲ್ಲ. ಹಾಗಾಗಿ ನಮ್ಮ ಡಬ್ಲ್ಯೂಡಿಎಂ-2 ಆಲ್ಕೋ ಡೀಸೆಲ್ ಇಂಜಿನ್ನಿನ ಮಾಡಲ್ ಯಾರು ಮಾಡಿದರೂ ಕಾಲು ಒತ್ತಿಕೊಂಡು ನಿಂತಂತೆಯೇ ಇರುತ್ತೆ. ಅದಕ್ಕೆ ನನ್ನ ತಕರಾರಿಲ್ಲ. ತಾಳಗುಪ್ಪ ಲೈನ್ ಮೀಟರ್‌ಗೇಜ್ ಇದ್ದ ಕಾಲದ್ದನ್ನು ಮಾಡಬೇಕು ಅಂತ ಬಹಳ ಆಸೆ ಇತ್ತು, ಆ ರೈಲ್‌ಬಸ್ಸನ್ನೂ ಸೇರಿಸಿ. ಅದಕ್ಕೆ 12 ಮಿಲಿಮೀಟರ್ ಹಳಿ ಬೇಕು. ಅದರ ಮಾತು ಈಗ ಎತ್ತಿದರೆ ಮನೆಯವರು ನನ್ನನ್ನೂ ಅಟ್ಟಕ್ಕೇ ಹಾಕುತ್ತಾರೆ.

ಹಳಿಯ ಅಗಲ ಒಂದೇ ಆದ ಮಾತ್ರಕ್ಕೆ ಓಡುತ್ತೆ ಅನ್ನುವುದು ಎಷ್ಟು ದೊಡ್ಡ ಸುಳ್ಳು ಅಂದರೆ, ತೀರ್ಥಹಳ್ಳಿಯ ನನ್ನ ಗೆಳೆಯನಿಗೆ ಅವನ ನೆಂಟರೊಬ್ಬರು ಜರ್ಮನಿಯಿಂದ ಮಾರ್ಕ್ಲಿನ್ ಕಂಪನಿಯ ಒಂದು ಹಳೇ ಇಂಜಿನ್ ತಂದುಕೊಟ್ಟಿದ್ದರು. ಚಂದ ಅಂದರೆ ಚಂದ, ಕೈಯಲ್ಲಿ ಹಿಡಿದರೆ ಕಬ್ಬಿಣದ ಗಟ್ಟಿಯಷ್ಟು ಭಾರ. ಅದೂ ಎಚ್‌ಒ. ಅದೂ 16.5. ಆದರೆ ಆ ಪದ್ಧತಿಯಲ್ಲಿ ಕರೆಂಟ್ ಹಳಿಗಳ ನಡುವಿನ ಸಣ್ಣ ಮೊಳೆಗಳಿಂದ ಬರುತ್ತೆ, ಇಂಜಿನ್ ಹೊಟ್ಟೆಯ ಕೆಳಗೆ ಒಂದು ಉದ್ದದ ಪಟ್ಟಿ ಅದನ್ನು ಸವರಿಕೊಂಡು ಹೋಗುತ್ತೆ. ಎರಡು ಕಡೆಯ ಚಕ್ರಕ್ಕೂ ನಡುವೆ ಕರೆಂಟಿಗೆ ತಡೆ ಇಲ್ಲ. ನಮ್ಮ ಎರಡು ಹಳಿ ಪದ್ಧತಿಯಲ್ಲಿ ಒಂದು ಹಳಿ ಪ್ಲಸ್, ಒಂದು ಮೈನಸ್. ಅದರ ಮೇಲೆ ಇದನ್ನು ಇಟ್ಟರೆ ನೇರ ಶಾರ್ಟ್. ಪಾಪ, ಅವನು ಇಟ್ಟ, ಕಂಟ್ರೋಲರ್ ಟಪ್ ಅಂತು. ನೆಂಟರಿಗೆ ಇದೆಲ್ಲ ಗೊತ್ತಿರಬೇಕು ಅಂತ ಯಾರೂ ಹೇಳಲ್ಲ. ಆದರೆ ದುಡ್ಡು ತಗೊಂಡು ಮಾರುವವನಿಗೆ ಗೊತ್ತಿರಬೇಕಲ್ವಾ?

ಸರಿ, ಅವನ ಮಾತು ನಂಬಿ ತರಿಸಿದ ನನ್ನ ಇಂಜಿನ್ನಿನ ಪೆಟ್ಟಿಗೆ ಬಂತು. ಹೊರಗೆ ದೊಡ್ಡ ಅಕ್ಷರದಲ್ಲಿ ‘ಡಿಸಿಸಿ ರೆಡಿ’. ಡಿಸಿಸಿ ಅಂದರೆ ಇಂಜಿನ್ನನ್ನು ಡಿಜಿಟಲ್ ಆಗಿ ಓಡಿಸುವ ಪದ್ಧತಿ. ನೋಡಿ, ಮೋಸಕ್ಕೆ ಇಷ್ಟು ಮರ್ಯಾದಸ್ಥ ಹೆಸರು ಬೇರೆ ಎಲ್ಲೂ ಸಿಗಲ್ಲ. ರೆಡಿ ಅಂದರೆ ನೀವು ನಾವು ತಿಳಿದುಕೊಳ್ಳುವುದು ಏನು? ಹಳಿ ಮೇಲೆ ಇಟ್ಟರೆ ಡಿಜಿಟಲ್ ಕಂಟ್ರೋಲರ್ ಮಾತು ಕೇಳುತ್ತೆ ಅಂತ. ಹಾಗಲ್ಲ. ಒಳಗೆ ಡಿಕೋಡರ್ ಚುಚ್ಚಲು ಒಂದು ಸಾಕೆಟ್ ಇದೆ, ಅಷ್ಟೇ. ಡಿಕೋಡರ್ ನಾವೇ ತರಬೇಕು. ಆ ಸಾಕೆಟ್ ಆದರೂ ಒಂದೇ ತರ ಇದೆಯಾ ಅಂದರೆ ಅದೂ ಇಲ್ಲ. 6 ಪಿನ್, 8 ಪಿನ್, 21 ಪಿನ್, ನೆಕ್ಸ್ಟ್18, ಪ್ಲಕ್ಸ್22. ನನ್ನ ಮೊದಲ ಇಂಜಿನ್ 8 ಪಿನ್ನಿನದ್ದು. ಅದೇ ನಂಬಿಕೆಯಲ್ಲಿ ತೆಗೆದಿಟ್ಟಿದ್ದ ಡಿಕೋಡರ್ ಹಿಡಿದುಕೊಂಡು ಹೊಸ ಇಂಜಿನ್ ಬಿಚ್ಚಿದರೆ ಒಳಗೆ 21 ಪಿನ್. ಡಿಕೋಡರ್ ಇಲ್ಲದೆ ಡಿಜಿಟಲ್ ಹಳಿ ಮೇಲೆ ಇಟ್ಟರೆ ಅದು ಓಡಲ್ಲ, ನಿಂತಲ್ಲೇ ಗುಂಯ್ ಅನ್ನುತ್ತೆ. ಕೆಲವು ಕಂಟ್ರೋಲರ್‌ಗಳಲ್ಲಿ ಇಂಜಿನ್ನಿನ ವಿಳಾಸ, ಅಂದರೆ ಅದನ್ನು ಕರೆಯುವ ನಂಬರ್, ಸೊನ್ನೆ ಅಂತ ಕೊಟ್ಟು ಓಡಿಸಬಹುದು, ಆದರೆ ಮೋಟಾರ್ ಬಿಸಿಯಾಗುತ್ತೆ, ನಿಲ್ಲಿಸಿದಾಗಂತೂ ಇನ್ನೂ ಜಾಸ್ತಿ. ಹೊಸ ಇಂಜಿನ್ನನ್ನು ಮೊದಲ ದಿನವೇ ಸುಡಲು ನಾನು ದುಡ್ಡು ಕೊಟ್ಟಿದ್ದಲ್ಲ.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ನನ್ನ ತಲೆ ಕೆಟ್ಟಿದ್ದು ಆ ಚೀಟಿ ನೋಡಿ. ಪೆಟ್ಟಿಗೆಯ ಹೊರಗೆ ಎಲ್ಲೂ ತಿರುವಿನ ಲೆಕ್ಕ ಇಲ್ಲ. ಸೀಲ್ ಒಡೆದು, ಥರ್ಮಾಕೋಲ್ ಎತ್ತಿ, ಅದರ ಅಡಿಯಲ್ಲಿ ನಾಲ್ಕು ಮಡಿಕೆ ಹಾಕಿಟ್ಟ ಕಾಗದ ಬಿಡಿಸಿದರೆ, ಅದರ ಕೊನೆಯಲ್ಲಿ ಇರುವೆ ಕಾಲಿನಂಥ ಅಕ್ಷರದಲ್ಲಿ ಬರೆದಿದೆ, ಕನಿಷ್ಠ ರೇಡಿಯಸ್ 22 ಇಂಚು ಅಂತ. 22 ಇಂಚು ಅಂದರೆ ಸುಮಾರು 559 ಮಿಲಿಮೀಟರ್. ನನ್ನದು 438. ಅದನ್ನು ಮೊದಲೇ ಹೇಳಿದ್ದೆ, ಬರೆದೂ ಕಳಿಸಿದ್ದೆ. ಆರು ಅಚ್ಚಿನ ಉದ್ದನೆಯ ಇಂಜಿನ್, ಸುಮಾರು 20 ಸೆಂಟಿಮೀಟರ್. ಸಣ್ಣ ತಿರುವಿಗೆ ಬಂದರೆ ನಡುವಿನ ಅಚ್ಚಿನ ಚಕ್ರ ಹಳಿಗೆ ಒತ್ತಿಕೊಂಡು ಮೇಲೆ ಹತ್ತುತ್ತೆ, ಗಾಡಿ ಪಕ್ಕಕ್ಕೆ ಬೀಳುತ್ತೆ. ಬಿತ್ತು ಕೂಡ.

ವಾಪಸ್ ಕೊಡುತ್ತೇನೆ ಅಂತ ಫೋನ್ ಮಾಡಿದರೆ ಅವನು ಹೇಳಿದ್ದು ಕೇಳಿ. "ಸರ್, ಸೀಲ್ ಒಡೆದಿದ್ದೀರಲ್ವಾ, ಓಪನ್ ಆದ ಪೀಸ್ ವಾಪಸ್ ತಗೊಳ್ಳಲ್ಲ." ಅಲ್ಲಯ್ಯ, ಅಳತೆ ಇರುವುದು ಸೀಲಿನ ಒಳಗೆ. ಸೀಲ್ ಒಡೆಯದೆ ಓದುವುದು ಹೇಗೆ, ದಿವ್ಯದೃಷ್ಟಿಯಲ್ಲಾ? ಅದಕ್ಕೆ ಅವನು, "ಕರ್ವ್ ಸ್ವಲ್ಪ ದೊಡ್ಡದು ಮಾಡಿಕೊಳ್ಳಿ ಸರ್, ಸಿಂಪಲ್." ಸಿಂಪಲ್ ಅಂತೆ! ಅಟ್ಟದ ಎರಡು ಪಕ್ಕಕ್ಕೂ ನಮ್ಮಜ್ಜ ನಿಲ್ಲಿಸಿದ ಕಂಬಗಳಿವೆ, ಅವುಗಳ ನಡುವೆಯೇ ನಾನು ಅಳೆದು ಹಳಿ ಹಾಕಿದ್ದು. ಇವನ ಒಂದು ಇಂಜಿನ್ ತಿರುಗಲಿ ಅಂತ ಮನೆಯ ಕಂಬ ಕಡಿಯಲಾ? ಹೆಂಚು ಯಾರ ತಲೆ ಮೇಲೆ ಬೀಳಬೇಕು?

ಕಪ್ಲರ್ ಕಥೆ ಬೇರೆ. ನನ್ನ ಬೋಗಿಗಳಿಗೆಲ್ಲ ಇರುವುದು ಬಳೆ-ಕೊಕ್ಕೆಯ ಹಳೇ ತರದ್ದು. ಇದಕ್ಕಿರುವುದು ಮುಷ್ಟಿ ಹಿಡಿದಂತೆ ಕಚ್ಚಿಕೊಳ್ಳುವ ನಕಲ್ ಕಪ್ಲರ್. ಎನ್‌ಇಎಂ ಕಿಸೆ ಅಂತ ಒಂದು ಸಣ್ಣ ಚೌಕದ ತೂತು ಇದ್ದರೆ ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಬಹುದು, ಎರಡು ನಿಮಿಷದ ಕೆಲಸ. ಇದರಲ್ಲಿ ಆ ಕಿಸೆಯೂ ಇಲ್ಲ, ಸ್ಕ್ರೂ ಹಾಕಿ ಕೂರಿಸಿದ್ದಾರೆ. ಅದನ್ನೂ ಕೇಳಿದ್ದೆ. ಉತ್ತರ ಹೆಬ್ಬೆಟ್ಟು.

ಇನ್ನು ಎರಡು ಇಂಜಿನ್ ಜೋಡಿಸಿ ಎಳೆಸುವುದು ಅಂದರೆ ಸುಮ್ನೆ ಒಂದಕ್ಕೊಂದು ಸಿಕ್ಕಿಸಿದರೆ ಆಗಲ್ಲ ಅನ್ನುವುದು ಇವರಿಗೆ ಗೊತ್ತೇ ಇಲ್ಲ. ಒಳಗಿರುವುದು ವರ್ಮ್ ಗೇರ್. ಮೋಟಾರ್ ಚಕ್ರವನ್ನು ತಿರುಗಿಸುತ್ತೆ, ಚಕ್ರ ಮೋಟಾರನ್ನು ತಿರುಗಿಸಲ್ಲ. ಹಾಗಾಗಿ ಒಂದು ಇಂಜಿನ್ ಜೋರು, ಇನ್ನೊಂದು ನಿಧಾನ ಆದರೆ ನಿಧಾನದ್ದು ಸಹಾಯ ಮಾಡುವ ಬದಲು ಬ್ರೇಕ್ ಹಾಕಿದಂತೆ ಎಳೆದುಕೊಂಡು ಬರುತ್ತೆ, ಜೋರಿನದ್ದು ಚಕ್ರ ಜಾರಿಸಿಕೊಂಡು ಒದ್ದಾಡುತ್ತೆ. ಎರಡೂ ಡಿಜಿಟಲ್ ಆದರೆ ಡಿಕೋಡರಿನ ಸೆಟ್ಟಿಂಗ್‌ಗಳಾದ ಸಿವಿ 2, 6, 5 ಬದಲಾಯಿಸಿ ಶುರುವಿನ, ನಡುವಿನ, ಪೂರ್ತಿ ವೇಗ ಹೊಂದಿಸಬಹುದು. ಡಿಕೋಡರ್ ಇಲ್ಲದ ಬರೀ ಡಿಸಿ ಆದರೆ ಅದೂ ಇಲ್ಲ. ಹಳಿಯಲ್ಲಿ ಬರುವ ವೋಲ್ಟ್ ಇಬ್ಬರಿಗೂ ಒಂದೇ, ಯಾರು ಎಷ್ಟರಲ್ಲಿ ಎದ್ದೇಳುತ್ತಾರೋ ಅವರ ಹಣೆಬರಹ. ನಿಜವಾದ ರೈಲಿನಲ್ಲೂ ಹಾಗೇ ಅಲ್ವಾ? ಒಂದಕ್ಕೊಂದು ಹೊಂದುವ ಡೀಸೆಲ್ ಇಂಜಿನ್‌ಗಳಾದರೆ ನಡುವೆ ಕೇಬಲ್ ಹಾಕಿ ಮುಂದಿನ ಪೈಲಟ್ ಒಬ್ಬರೇ ಎರಡನ್ನೂ ನಡೆಸುತ್ತಾರೆ. ಹೊಂದದಿದ್ದರೆ ಹಿಂದಿನ ಇಂಜಿನ್ನಿಗೂ ಬೇರೆ ಪೈಲಟ್ ಬೇಕು. ಅಷ್ಟು ದೊಡ್ಡ ಇಲಾಖೆಗೆ ಇರುವ ಕಷ್ಟ ಈ ಅಂಗಡಿಯವನಿಗೆ ಮಾತ್ರ ಇಲ್ಲ. ಅವನ ಲೋಕದಲ್ಲಿ ಎಲ್ಲಾ ಓಡುತ್ತೆ.

ನಮ್ಮ ಮಳೆಗಾಲ ಬೇರೆ. ಜೂನ್ ಬಂತು ಅಂದರೆ ಅಟ್ಟದಲ್ಲಿ ಹಪ್ಪಳವೂ ಗರಿಗರಿ ಇರಲ್ಲ, ಹಳಿ ಇರುತ್ತಾ? ಮೇಲೆ ಕಪ್ಪು ಪದರ ಕೂರುತ್ತೆ, ಚಕ್ರಕ್ಕೆ ಕರೆಂಟ್ ಸರಿಯಾಗಿ ಸಿಗಲ್ಲ. ಅದಕ್ಕೇ ನಾನು ಎಷ್ಟು ಚಕ್ರದಿಂದ ಕರೆಂಟ್ ತಗೊಳ್ಳುತ್ತೆ ಅಂತ ಕೇಳಿದ್ದು. ಎಲ್ಲಾ ಚಕ್ರದಿಂದ ತಗೊಂಡರೆ ಒಂದು ಚಕ್ರ ತಪ್ಪಿದರೂ ಇನ್ನೊಂದು ಕಾಪಾಡುತ್ತೆ. ಇದರಲ್ಲಿ ನಾಲ್ಕು ಚಕ್ರಕ್ಕೆ ಜಾರದಿರಲಿ ಅಂತ ರಬ್ಬರ್ ಹಾಕಿದ್ದಾರೆ. ರಬ್ಬರ್ ಇದ್ದರೆ ಎಳೆಯುವ ಶಕ್ತಿ ಜಾಸ್ತಿ, ಒಪ್ಪೋಣ, ಆದರೆ ಆ ಚಕ್ರದಿಂದ ಕರೆಂಟ್ ಬರಲ್ಲ. ಒಣಗಿದ ಊರಿನ ಏಸಿ ರೂಮಿನಲ್ಲಿ ನಡೆಯಬಹುದು. ಸಾಗರದಲ್ಲಿ ಆಷಾಢದ ಮಳೆ ಹಿಡಿದಾಗ ಅದು ಹಳಿ ಕವಲೊಡೆಯುವ ಪ್ರತಿ ಪಾಯಿಂಟಿನ ಮೇಲೂ ನಿಂತು ಯೋಚನೆ ಮಾಡುತ್ತೆ. "ಹಳಿ ಒರೆಸಿ ಸರ್" ಅಂತ ಸಲಹೆ. ಒರೆಸದೆ ಇಷ್ಟು ವರ್ಷ ಪೂಜೆ ಮಾಡುತ್ತಿದ್ದೆನಾ?

ಹೊರದೇಶದಿಂದ ನೇರವಾಗಿ ತರಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಆಟಿಕೆ ಮೇಲಿನ ಮೂಲ ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. ಈ ಸ್ಕೇಲ್ ಮಾಡಲ್‌ಗಳೂ ಅದೇ ಪಟ್ಟಿಯಲ್ಲಿ ಬರುತ್ತವೆ. ಸರ್ಕಾರದ ಲೆಕ್ಕದಲ್ಲಿ ನನ್ನ ಇಂಜಿನ್ನೂ ಮಗುವಿನ ಗಿಲಕಿಯೂ ಒಂದೇ. ಅದಕ್ಕೇ ಇಲ್ಲಿನವರು ಎಷ್ಟು ಹೇಳಿದರೆ ಅಷ್ಟು ಕೊಡಬೇಕು, ಅದಕ್ಕೇ ಅವರಿಗೆ ಇಷ್ಟು ಸೊಕ್ಕು. ಆಯ್ಕೆ ಇಲ್ಲದ ಗಿರಾಕಿಗೆ ಉತ್ತರ ಯಾಕೆ ಕೊಡಬೇಕು ಅಂತ.

ನಾನು ಕೇಳುವುದು ಏನು ದೊಡ್ಡದು? ಕನಿಷ್ಠ ರೇಡಿಯಸ್ ಇಷ್ಟು, ಸಾಕೆಟ್ ಇಂಥದ್ದು, ಡಿಕೋಡರ್ ಇದೆ ಅಥವಾ ಇಲ್ಲ, ಕಪ್ಲರ್ ಇಂಥದ್ದು, ಇಷ್ಟು ಚಕ್ರದಿಂದ ಕರೆಂಟ್. ಪೆಟ್ಟಿಗೆಯ ಹೊರಗೆ ಒಂದು ಅಂಗೈಯಗಲದ ಜಾಗ ಸಾಕು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್, ನೋಡಿ ಹೇಳುತ್ತೇನೆ" ಅಂದರೂ ಸಾಕಿತ್ತು, ನಾನೇನು ಬೈಯುತ್ತಿರಲಿಲ್ಲ.

ಈಗ ಬಿಲ್ಲು, ವಾಟ್ಸಾಪ್‌ನಲ್ಲಿ ನಾನು ಕೇಳಿದ್ದು, ಅವನ ಹೆಬ್ಬೆಟ್ಟು, ಎಲ್ಲದರ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಮೊದಲು ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ಗಿರಾಕಿ ಇರುವ ಊರಿನಲ್ಲೇ ದೂರು ಹಾಕಬಹುದು, ಅವನ ಊರಿಗೆ ನಾನು ಅಲೆಯಬೇಕಿಲ್ಲ. ಬರುವುದಿದ್ದರೆ ಅವನೇ ಬರಲಿ.

ಅಷ್ಟರಲ್ಲಿ, 438ರ ತಿರುವಿನಲ್ಲಿ ಆರು ಅಚ್ಚಿನ ಆಲ್ಕೋ ಓಡಿಸುತ್ತಿರುವವರು ಇಲ್ಲಿ ಯಾರಾದರೂ ಇದ್ದರೆ ಯಾವ ಮಾಡಲ್ ಅಂತ ಹೇಳಿ. ನಿಮ್ಮ ಹಳಿ ಮೇಲೆ ಓಡಿದ ವಿಡಿಯೋ ಹಾಕಿದರೆ ಮಾತ್ರ ನಂಬುತ್ತೇನೆ.