ಏಪ್ರಿಲ್ ಬಾವಿ, ಜುಲೈ ರಸ್ತೆ

"ಕಡಲೂ ಹತ್ತಿರ ಇರಬೇಕು, ಘಟ್ಟವೂ ಕಾಣಬೇಕು. ಬೆಂಗಳೂರು ಬಿಟ್ಟು ಯಾವ ಊರಿಗೆ ಹೋಗೋದು?" ಈ ತಿಂಗಳಲ್ಲೇ ಮೂರು ಜನ ಮೆಸೆಂಜರ್‌ನಲ್ಲಿ ಇದನ್ನೇ ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಇಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ನಾವು ತಿಪಟೂರಿನವರು. ಕೆರೆ ಬಿಟ್ಟರೆ ದೊಡ್ಡ ನೀರು ನೋಡದೆ ಬೆಳೆದವರು. ಆಮೇಲೆ ವಿಜಯನಗರದ ಬಾಡಿಗೆ ಮನೆಯಲ್ಲಿ 16 ವರ್ಷ. ಯಜಮಾನರಿಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕಿತು, ನನ್ನ ಲೆಕ್ಕಪತ್ರದ ಕೆಲಸಕ್ಕೆ ಲ್ಯಾಪ್‌ಟಾಪ್ ಇದ್ದರೆ ಸಾಕು. ಮಗ ಆಗ ಐದನೇ ಕ್ಲಾಸು. ಜೊತೆಗೆ ಅತ್ತೆ, 75 ವರ್ಷ, ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. ಅತ್ತೆಯ ವಿಷಯ ಮೊದಲೇ ಹೇಳಿದ್ದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2022ರ ಡಿಸೆಂಬರ್‌ನಲ್ಲಿ ಕಾರವಾರದಿಂದ ಕುಂದಾಪುರದವರೆಗೆ ಹೆದ್ದಾರಿ 66ರಲ್ಲಿ ಊರು ನೋಡುತ್ತಾ ಬಂದೆವು. ಕಾರವಾರದಲ್ಲಿ ಗುಡ್ಡ ನೇರ ಕಡಲಿಗೇ ಇಳಿದಿದೆ. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ನಿಂತರೆ ಒಂದು ಕಡೆ ಅಳಿವೆ, ಇನ್ನೊಂದು ಕಡೆ ನೀಲಿ ಘಟ್ಟ. ಮರವಂತೆಯಲ್ಲಿ ರಸ್ತೆಯ ಈಚೆ ಸೌಪರ್ಣಿಕಾ ಹೊಳೆ, ಆಚೆ ಅರಬ್ಬಿ ಸಮುದ್ರ. ಕಣ್ಣಿಗೆ ಯಾವ ಊರೂ ಬೇಡ ಅನ್ನಿಸಲಿಲ್ಲ. ಅಲ್ಲೇ ನಾವು ಎಡವಿದ್ದು. ಡಿಸೆಂಬರ್‌ನಲ್ಲಿ ಕರಾವಳಿಯ ಎಲ್ಲ ಊರೂ ಚೆಂದವೇ. ಬಾವಿ ತುಂಬಿರುತ್ತದೆ, ರಸ್ತೆ ಒಣಗಿರುತ್ತದೆ, ಗಾಳಿ ತಂಪಾಗಿರುತ್ತದೆ. ಆ ತಿಂಗಳು ನೋಡಿ ಊರು ಆರಿಸಬೇಡಿ ಅನ್ನುವುದು ನನ್ನ ಮೊದಲ ಮಾತು. ಒಂದು ಊರನ್ನು ಎರಡು ಸಲ ನೋಡಬೇಕು. ಏಪ್ರಿಲ್ ಕೊನೆಯಲ್ಲಿ ಅದರ ಬಾವಿ, ಜುಲೈ ಮಧ್ಯದಲ್ಲಿ ಅದರ ರಸ್ತೆ.

ಒಂದು ಒಳ್ಳೆಯ ಕೆಲಸ ಮಾಡಿದ್ದೆವು: ಎಲ್ಲೂ ಜಾಗ ಕೊಳ್ಳದೆ ಕುಮಟಾದ ಹತ್ತಿರ ಕಡಲ ಕಡೆಗೊಂದು ಬಾಡಿಗೆ ಮನೆ ಹಿಡಿದೆವು. 2023ರ ಮೇ ಕೊನೆಗೆ ಸಾಮಾನು ಬಂತು, ಜೂನ್‌ನಲ್ಲಿ ಮಳೆ ಹಿಡಿಯಿತು. ಕುಮಟಾವನ್ನೇ ಯಾಕೆ ಹಿಡಿದೆವು ಅಂದರೆ ಅಘನಾಶಿನಿ. ಘಟ್ಟದ ಮೇಲೆ ಶಿರಸಿ ಹತ್ತಿರ ಹುಟ್ಟಿ, ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ. ಅಳಿವೆಯಲ್ಲಿ ನೀರಿಳಿದಾಗ ಹೆಂಗಸರು ಸೊಂಟ ಬಗ್ಗಿಸಿ ಬಳಚು (ತಿನ್ನುವ ಚಿಪ್ಪು) ಹೆಕ್ಕುವುದನ್ನು ಮಗ ಗಂಟೆಗಟ್ಟಲೆ ನಿಂತು ನೋಡುತ್ತಿದ್ದ. ಮಾಣಿಕಟ್ಟೆಯ ಗಜನಿ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಆ ಕೆಂಪಕ್ಕಿಯ ಗಂಜಿ ಅತ್ತೆಗೆ ಹಿಡಿಸಿತು. ಭಾನುವಾರ ಬೆಳಗ್ಗೆ ಯಾಣದ ಬಂಡೆಗಳು, ಸಂಜೆಗೆ ಬಾಡದ ಕಡಲು. ಇನ್ನೇನು ಬೇಕು ಹೇಳಿ?

ಮಳೆಗಾಲಕ್ಕೆ ನಾವು ಹೊಂದಿಕೊಂಡೆವು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಚಪ್ಪಲಿಗೆ ಬೂಷ್ಟು, ಬೆಂಕಿಪೊಟ್ಟಣ ಗೀರಿದರೆ ಮೆತ್ತಗೆ, ಒಣಗಿದ ಬಟ್ಟೆಗೂ ಹಸಿ ವಾಸನೆ. ಉಪ್ಪುಗಾಳಿಗೆ ಹೊಸ ಬೀರುವಿನ ಕೀಲು ಅಕ್ಟೋಬರ್ ಹೊತ್ತಿಗೆ ಕಿರುಗುಟ್ಟತೊಡಗಿತು. ಇವೆಲ್ಲ ಸಹಿಸಬಹುದಾದ ಕಷ್ಟಗಳು, ಊರು ಬೇಡ ಅನ್ನಲು ಕಾರಣಗಳಲ್ಲ.

ಬಾವಿ ಹಾಗಲ್ಲ. 2024ರ ಏಪ್ರಿಲ್ ಮೂರನೇ ವಾರ ಒಂದು ದಿನ ತೊಗರಿಬೇಳೆ ಬೇಯಲಿಲ್ಲ. ಕುಕ್ಕರ್ ಆರು ಸಲ ಕೂಗಿದರೂ ಕಾಳು ಕಾಳಾಗಿಯೇ ಇತ್ತು. ಬೇಳೆ ಹಳೆಯದು ಅಂತ ಅಂಗಡಿಯವರನ್ನು ಬೈದುಕೊಂಡು ಹೊಸದು ತಂದೆ, ಅದೂ ಹಾಗೆಯೇ. ಪಕ್ಕದ ಮನೆಯ ಅಜ್ಜಿ ನಮ್ಮ ಕೊಡಪಾನದಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಉಪ್ಪು ಬಂತು ತಂಗಿ. ಇನ್ನು ಮಳೆ ಬೀಳೋವರೆಗೆ ಇದರಲ್ಲಿ ಬೇಳೆ ಬೇಯೂದಿಲ್ಲ" ಅಂದರು. ಕಡಲಂಚಿನ ಮರಳುನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದಂತೆ. ಬೇಸಿಗೆಯಲ್ಲಿ ಮೋಟಾರು ಹಾಕಿ ಎಳೆದಷ್ಟೂ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಹೊಳೆಯಲ್ಲಿ ಹರಿವು ತಗ್ಗಿದಾಗ ಭರತದ (ಕಡಲು ಉಬ್ಬಿದಾಗಿನ) ನೀರು ಒಳನಾಡಿಗೂ ನುಗ್ಗಿ ದಂಡೆಯ ಬಾವಿಗಳನ್ನು ಕೆಡಿಸುತ್ತದೆ. ಅಜ್ಜಿಯ ಮನೆಯಲ್ಲಿ ಆಗಲೂ ಹಗ್ಗ, ರಾಟೆ. ದಿನಕ್ಕೆ ಎಷ್ಟು ಬೇಕೋ ಅಷ್ಟೇ ಸೇದುತ್ತಿದ್ದರು. ಅವರ ಬಾವಿ ನಮ್ಮದಕ್ಕಿಂತ ಎರಡು ವಾರ ಹೆಚ್ಚು ಸಿಹಿಯಾಗಿತ್ತು. ಆ ಎರಡು ವಾರ ನಾನು ಅವರ ಕಟ್ಟೆಯಲ್ಲೇ ನೀರು ಸೇದಿದೆ.

ಹಾಗಾದರೆ ಘಟ್ಟದ ಬುಡಕ್ಕೆ ಹೋಗೋಣ ಅಂತ ದೀವಗಿಯಲ್ಲಿ ತಿರುಗಿ ಶಿರಸಿ ರಸ್ತೆಯಲ್ಲಿ ಕತಗಾಲದ ಕಡೆ ಮನೆ ಹುಡುಕಿದೆವು. ಅಡಿಕೆ ತೋಟ, ಬೇಸಿಗೆಯಲ್ಲೂ ಸಿಹಿನೀರು. ಆದರೆ ಜೋರು ಮಳೆಗೆ ಚಂಡಿಕಾ ಹೊಳೆ ಉಕ್ಕಿದರೆ ರಸ್ತೆಯೇ ಮುಳುಗುತ್ತದೆ. ಮೇಲೆ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಶಿರಸಿ ಕಡೆಯ ದಾರಿಯೂ ಬಂದ್.

ಅಷ್ಟರಲ್ಲಿ ಜುಲೈ ಬಂತು. 2024ರ ಜುಲೈ 16ರ ಬೆಳಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ದಾರಿ ಬದಿ ಚಹಾದಂಗಡಿ ಇಟ್ಟುಕೊಂಡಿದ್ದ ಕುಟುಂಬವೇ ಹೋಯಿತು. ಟ್ಯಾಂಕರ್ ಪಕ್ಕದ ಗಂಗಾವಳಿ ಹೊಳೆಗೆ ಬಿತ್ತು. ಮಣ್ಣು ನೀರಿಗೆ ಬಿದ್ದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳ ಮೇಲೂ ಅಲೆ ಎದ್ದಿತು. ಮಣ್ಣಿನ ಜೊತೆ ಹೊಳೆಗೆ ಹೋದ ಕೇರಳದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ನಾವು ಹಿಂದಿನ ವಾರವಷ್ಟೇ ಆ ಜಾಗ ದಾಟಿ ಬಂದಿದ್ದೆವು. ರಸ್ತೆ ಅಗಲ ಮಾಡಲು ಬುಡ ಕಡಿದ ಗುಡ್ಡವನ್ನು ಈಗ ಎಲ್ಲಿ ಕಂಡರೂ ನಾನು ಮೊದಲು ಅದರ ಮೇಲಿನ ಮರಗಳನ್ನು ನೋಡುತ್ತೇನೆ. ಮರ ನೇರ ಇದೆಯೋ, ವಾಲಿದೆಯೋ. ನೀವು ಮನೆ ನೋಡಲು ಹೋದಾಗಲೂ ಹಿತ್ತಲಿನ ಧರೆ, ಅಂದರೆ ಗುಡ್ಡ ಕಡಿದ ಗೋಡೆ, ನೋಡಿ. ನೆಟ್ಟಗೆ ಕಡಿದ ಕೆಂಪುಮಣ್ಣಿನ ಧರೆಯ ಕೆಳಗೆ ಮನೆ ಇದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಅತ್ತೆ ಎದೆ ಹಿಡಿದುಕೊಂಡು ಕೂತರು. ಊರಿನ ಡಾಕ್ಟರು ಬಂದು ನೋಡಿ ಇಂಜೆಕ್ಷನ್ ಕೊಟ್ಟು, "ತಡ ಮಾಡಬೇಡಿ, ಮಣಿಪಾಲಕ್ಕೆ ಹೊರಡಿ" ಅಂದರು. ಕುಮಟಾದಿಂದ ಮಣಿಪಾಲಕ್ಕೆ ಹೆಚ್ಚುಕಡಿಮೆ 140 ಕಿಲೋಮೀಟರ್. ಎದುರಿಗೆ ಮಳೆ, ಆಂಬುಲೆನ್ಸ್‌ನ ವೈಪರ್ ಎಷ್ಟು ಬಡಿದುಕೊಂಡರೂ ದಾರಿ ಕಾಣದು. ಹೊನ್ನಾವರದ ಸೇತುವೆ ದಾಟಿತು, ಭಟ್ಕಳ ದಾಟಿತು. ಬೈಂದೂರಿನ ಶಿರೂರು ಟೋಲ್ ಹತ್ತಿರ ಬಂದಾಗ ಡ್ರೈವರ್ ತಾನಾಗಿಯೇ ನಿಧಾನ ಮಾಡಿದ. ಯಾಕೆ ಅಂತ ನಾನು ಕೇಳಲಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ನಾಲ್ಕು ಜನ ಸತ್ತದ್ದು ಅಲ್ಲೇ. ಅಂಕೋಲೆಯದೊಂದು ಶಿರೂರು, ಬೈಂದೂರಿನದೊಂದು ಶಿರೂರು. ಅತ್ತೆ ನನ್ನ ಬೆರಳು ಬಿಗಿಯಾಗಿ ಹಿಡಿದು, "ಎಷ್ಟು ದೂರ ಐತೆ?" ಅಂತ ಮೂರು ಸಲ ಕೇಳಿದರು. ಮೂರು ಸಲವೂ "ಬಂತು ಅತ್ತೆ" ಅಂದೆ. ದೇವರು ದೊಡ್ಡವನು, ಅವರು ಉಳಿದರು.

ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳುತ್ತಿದ್ದಾರೆ. ಹ್ಯಾಷ್‌ಟ್ಯಾಗ್ ಹಾಕಿದರು, ಬೀದಿಗಿಳಿದರು. ಬೆಂಗಳೂರಿನಲ್ಲಿದ್ದಾಗ ಆ ಪೋಸ್ಟುಗಳಿಗೆ ಲೈಕ್ ಒತ್ತಿ ಮುಂದೆ ಹೋಗುತ್ತಿದ್ದೆ. ಆ ರಾತ್ರಿಯ ಮೇಲೆ ಅದು ನನ್ನ ಮನೆಯ ಮಾತಾಯಿತು. ಕುಮಟಾದವರು, ಅಂಕೋಲೆಯವರು, ಶಿರಸಿ ಸಿದ್ದಾಪುರದವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುವುದನ್ನು ಇನ್ನೆಷ್ಟು ವರ್ಷ ನೋಡಬೇಕು? ಅಲ್ಲಿ ಹುಟ್ಟಿದವರಿಗೆ ನಮ್ಮ ಹಾಗೆ ಬೇರೆ ಊರು ಆರಿಸಿಕೊಳ್ಳುವ ಅನುಕೂಲ ಇಲ್ಲ. ನಮಗಿತ್ತು, ನಾವು ಬಿಟ್ಟು ಬಂದೆವು. ಇದನ್ನು ಬರೆಯುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

2025ರ ಜನವರಿಗೆ ಬೈಂದೂರು ತಾಲ್ಲೂಕಿಗೆ ಬಂದೆವು. ಇಲ್ಲಿಂದ ಮಣಿಪಾಲ ಸುಮಾರು ಅರ್ಧ ದೂರ. ಈ ಸಲ ನೀರನ್ನೂ ರಸ್ತೆಯನ್ನೂ ಕೇಳಿಕೊಂಡೇ ಹುಡುಕಿದೆವು. ಮರವಂತೆಯ ಕಡಲಂಚು ಬೇಡ ಅಂದುಕೊಂಡೆವು, ಮಳೆಗಾಲ ಬಂದರೆ ಕಡಲ್ಕೊರೆತ. ನಾವುಂದದ ಸಾಲ್ಬುಡ ಕಣ್ಣಿಗೆ ಹಬ್ಬ, ಆದರೆ ಸೌಪರ್ಣಿಕಾ ಉಕ್ಕಿದರೆ ದೋಣಿಯಲ್ಲಿ ಓಡಾಡಬೇಕು. ಕೊಲ್ಲೂರಿನ ಕಾಡಂಚು ಅತ್ತೆಗೆ ಇಷ್ಟ ಇತ್ತು, ತಾಯಿ ಮೂಕಾಂಬಿಕೆ ಹತ್ತಿರ ಅಂತ. ಆದರೆ ಆಸ್ಪತ್ರೆ ಮತ್ತೆ ದೂರವಾಗುತ್ತದೆ. ಕೊನೆಗೆ ಹೆದ್ದಾರಿಯಿಂದ ಐದು ಕಿಲೋಮೀಟರ್ ಒಳಗೆ, ಗದ್ದೆ ಬಯಲಿಗಿಂತ ಒಂದಾಳು ಎತ್ತರದ ಮುರಕಲ್ಲಿನ ದಿಬ್ಬದ ಮೇಲೆ ಒಂದು ಹಳೇ ಹೆಂಚಿನ ಮನೆ ಸಿಕ್ಕಿತು. ಕಡಲು ಕಾಣುವುದಿಲ್ಲ. ಜುಲೈನಲ್ಲಿ ರಾತ್ರಿ ಅದರ ಮೊರೆತ ಮಾತ್ರ ಕೇಳುತ್ತದೆ. ನಮಗೆ ಅಷ್ಟು ಸಾಕು.

ಕಾಗದಪತ್ರದ ವಿಷಯ ಒಂದಿಷ್ಟು ಹೇಳಲೇಬೇಕು, ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. "ಸೀ ಫೇಸಿಂಗ್" ಅಂತ ಯಾರಾದರೂ ಹತ್ತು ಗುಂಟೆ ತೋರಿಸಿದರೆ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ಕೇಳಿ. ಹಳ್ಳಿಗಾಡಿನ ಕಡಲತೀರದಲ್ಲಿ ಭರತ ರೇಖೆಯಿಂದ 200 ಮೀಟರ್‌ವರೆಗೆ ಹೊರಗಿನವರು ಹೊಸ ಮನೆ ಕಟ್ಟುವ ಹಾಗಿಲ್ಲ. 2019ರ ಅಧಿಸೂಚನೆ ಅದನ್ನು 50 ಮೀಟರ್‌ಗೆ ಇಳಿಸಿದ್ದು ಜನ ಒತ್ತಾಗಿರುವ ಹಳ್ಳಿಗಳಿಗೆ ಮಾತ್ರ. ಉತ್ತರ ಕನ್ನಡದಲ್ಲಿ ತೋಟದ ಜೊತೆ "ಬೆಟ್ಟ" ಅಂತಲೂ, ಕುಂದಾಪುರದ ಕಡೆ ಜಾಗದ ಜೊತೆ "ಕುಮ್ಕಿ" ಅಂತಲೂ ಸೇರಿಸಿ ಎಕರೆ ಲೆಕ್ಕ ಹೇಳುತ್ತಾರೆ. ಸೊಪ್ಪು ಸೌದೆ ತರುವ ಹಕ್ಕಷ್ಟೇ ಅದು, ಮಾಲೀಕತ್ವ ಅಲ್ಲ. ಪಹಣಿಯಲ್ಲಿರುವ ವಿಸ್ತೀರ್ಣಕ್ಕೆ ಮಾತ್ರ ದುಡ್ಡು ಕೊಡಿ. ಜಂಟಿ ಖಾತೆ ಇದ್ದರೆ ಪಾಲುದಾರರೆಲ್ಲರ ಸಹಿ ಬೇಕು, ಒಬ್ಬರು ಮುಂಬೈಯಲ್ಲಿದ್ದರೂ ಸರಿ.

ಇನ್ನೊಂದು ಮಾತು, ಇದು ಕೋರಿಕೆ ಅಂದುಕೊಳ್ಳಿ. ಬಂದರೆ ಇರಲು ಬನ್ನಿ. ನಮ್ಮ ದಾರಿಯಲ್ಲೇ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿದ ಮೂರು ಹೊಸ ಮನೆಗಳಿವೆ. ಆ ಜಾಗಗಳಿಂದಾಗಿ ರೇಟು ಏರಿ, ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಐದು ಸೆಂಟ್ಸ್ ಜಾಗ ಕೊಳ್ಳಲೂ ಆಗುತ್ತಿಲ್ಲ. ಊರಿಗೆ ಬೇಕಾದದ್ದು ಶಾಲೆಗೆ ಮಕ್ಕಳನ್ನು ಕಳಿಸುವ, ಪಂಚಾಯ್ತಿ ಗ್ರಾಮಸಭೆಗೆ ಬಂದು ಕೂರುವ ಮನೆಗಳು. ಬೆಂಗಳೂರಿಗೆ ಹೋಗಬೇಕಾದರೆ ಪಂಚಗಂಗಾ ರೈಲಿದೆ. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಊರು.

ಕೊಳ್ಳುವ ಮುಂಚೆ ಇಲ್ಲೂ ಏಪ್ರಿಲ್‌ವರೆಗೆ ಕಾದೆವು. ಪಕ್ಕದ ಮನೆಯವರು ನಮ್ಮ ಬಾವಿಯಿಂದಲೇ ಒಂದು ಕೊಡ ಸೇದಿ ಕಟ್ಟೆಯ ಮೇಲಿಟ್ಟು, "ಹ್ವಾಯ್, ಕುಡ್ದ್ ಕಾಣಿ" ಅಂದರು. ನಾನು ಕುಡಿಯಲಿಲ್ಲ. ಒಳಗೆ ಒಯ್ದು ಒಂದು ಪಾವು ತೊಗರಿಬೇಳೆ ಇಟ್ಟೆ. ಮೂರನೇ ಕೂಗಿಗೆ ಇಳಿಸಿ ಮುಚ್ಚಳ ತೆಗೆದರೆ ಬೇಳೆ ಅರಳಿ ಕರಗಿತ್ತು. ಅತ್ತೆ ಸೌಟಿನಲ್ಲಿ ಒಂದಿಷ್ಟು ತೆಗೆದು ಬೆರಳಲ್ಲಿ ಹಿಚುಕಿ ನೋಡಿ, "ಇಲ್ಲೇ ಇರೋಣ ಕಣಮ್ಮ" ಅಂದರು.